ವಾಪಸ್ ಬಂದ ಕಡತಗಳು ಕಲಿಸಿದ್ದು: ಒಂದು ಪರೀಕ್ಷಾಂಗ ವಿಭಾಗದ ಪ್ರಕರಣ

ಆ ಕಡತದ ಟಿಪ್ಪಣಿ ಹಾಳೆಯಲ್ಲಿ ಒಂಬತ್ತು ಟಿಪ್ಪಣಿಗಳಿದ್ದವು. ವಿದ್ಯಾರ್ಥಿನಿಯ ಹೆಸರಿನಲ್ಲಿ ಏನು ತಪ್ಪಾಗಿದೆ ಎಂದು ಒಂದರಲ್ಲೂ ಬರೆದಿರಲಿಲ್ಲ. "ಸೂಕ್ತ ಆದೇಶಕ್ಕಾಗಿ ಮಂಡಿಸಿದೆ" ಎಂದು ಕೆಳಗಿನಿಂದ ಮೇಲೆ ಹೋಗಿತ್ತು. "ಪರಿಶೀಲಿಸಿ ಮಂಡಿಸಿ" ಎಂದು ಮೇಲಿನಿಂದ ಕೆಳಗೆ ಬಂದಿತ್ತು. ಮತ್ತೆ ಮೇಲೆ, ಮತ್ತೆ ಕೆಳಗೆ. ಹೀಗೇ ನಾಲ್ಕು ತಿಂಗಳು.

ತಪ್ಪು ಇಷ್ಟೇ. ಹುಡುಗಿಯ ಹೆಸರು ಸವಿತಾ ಅಂತಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಬರೆಯುವಾಗ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ, ಆಧಾರ್‌ನಲ್ಲಿ ಒಂದು 'ಹೆಚ್' ಅಕ್ಷರ ಇದೆ. ನಾವು ಕೊಟ್ಟ ಪದವಿ ಅಂಕಪಟ್ಟಿಯಲ್ಲಿ ಅದು ಇಲ್ಲ. ಆರೂ ಸೆಮಿಸ್ಟರಿನಲ್ಲಿ ಇಲ್ಲ. ಅವಳಿಗೆ ಕೆಲಸದ ದಾಖಲೆ ಪರಿಶೀಲನೆಗೆ ದಿನ ಗೊತ್ತಾಗಿತ್ತು. ಐದನೇ ಸಲ ಕೌಂಟರಿಗೆ ಬಂದಾಗ ಅಪ್ಪನನ್ನೂ ಕರೆದುಕೊಂಡು ಬಂದಿದ್ದಳು. ಬೆಳಗ್ಗೆ ನಾಲ್ಕೂವರೆ ಬಸ್ಸಿಗೆ ಹೊರಟಿದ್ದರಂತೆ. ಅವರು ಕೂಗಾಡಲಿಲ್ಲ. "ಸಾರ್, ಇನ್ನೇನಾದ್ರೂ ಕಾಗದ ಬೇಕಾದ್ರೆ ಒಂದೇ ಸಲ ಹೇಳಿಬಿಡಿ" ಅಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ನಾನು ಆಗ ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯದ ಪರೀಕ್ಷಾಂಗ ವಿಭಾಗದಲ್ಲಿ ಸಹಾಯಕ ಕುಲಸಚಿವನಾಗಿದ್ದೆ. ವಿಶ್ವವಿದ್ಯಾಲಯದ ಹೆಸರು, ಜನರ ಹೆಸರು ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಇಂಥದ್ದೇ ವಿಭಾಗದಲ್ಲಿ ಕೂತಿರುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ಹೆಸರು ತಿದ್ದುಪಡಿ, ಪದವಿ ಪ್ರಮಾಣಪತ್ರದ ನಕಲು, ಟ್ರಾನ್ಸ್‌ಕ್ರಿಪ್ಟ್, ನೈಜತೆ ಪರಿಶೀಲನೆ ಎಲ್ಲ ನೋಡಿಕೊಳ್ಳುವ ಶಾಖೆ ಅದು. ಒಬ್ಬರು ಅಧೀಕ್ಷಕರು. ಮೂವರು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕರು), ಇಬ್ಬರು ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕರು). ಹೊರಗುತ್ತಿಗೆಯ ನಾಲ್ಕು ಜನ ಡೇಟಾ ಎಂಟ್ರಿ ಆಪರೇಟರ್‌ಗಳು, ಒಬ್ಬ ಅಟೆಂಡರ್. ಮಂಜೂರಾದ ಹುದ್ದೆಗಳಲ್ಲಿ ಖಾಲಿ ಇದ್ದದ್ದೂ ಹೆಚ್ಚುಕಡಿಮೆ ಅಷ್ಟೇ.

ಹೊರಗಿನವರಿಗೆ ಇದು ಸುಲಭದ ಕೆಲಸ ಅನಿಸುತ್ತದೆ. ಆದರೆ ಆ ಒಂದು ಕೋಣೆಯಲ್ಲಿ ಮೂರು ಕಾಲ ಒಟ್ಟಿಗೆ ನಡೆಯುತ್ತಿದ್ದವು. ಹಳೇ ಬ್ಯಾಚಿನವರ ಅಂಕ ದಪ್ಪ ಲೆಡ್ಜರಿನಲ್ಲಿ. ನಡುವಿನವರದು ಖಾಸಗಿ ಕಂಪನಿಯೊಂದು ಮಾಡಿಕೊಟ್ಟ ಸಾಫ್ಟ್‌ವೇರಿನಲ್ಲಿ. 2021-22ನೇ ಸಾಲಿನಲ್ಲಿ ನಾಲ್ಕು ವರ್ಷದ ಪದವಿ ತಂದ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಬ್ಯಾಚಿನಿಂದ ಈಚಿನವರದು ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಒಂದೇ ಆಗಿರುವ ಯುಯುಸಿಎಂಎಸ್ ತಂತ್ರಾಂಶದಲ್ಲಿ. 2024-25ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪಠ್ಯಕ್ರಮದ ಲೆಕ್ಕ ಮತ್ತೆ ಬದಲಾಯಿತು. ಇದೆಲ್ಲದರ ಭಾರ ಬಿದ್ದದ್ದು ಕೌಂಟರಿನಲ್ಲಿ ಕೂತವರ ಮೇಲೆ.

ಹೆಸರಿನ ಅರ್ಜಿ ಜಾಸ್ತಿಯಾಗಿದ್ದಕ್ಕೂ ಕಾರಣ ಇದೆ. ಮೊದಲು ಒಂದು ಅಕ್ಷರ ಹೆಚ್ಚುಕಡಿಮೆ ಆದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನೋಡುವವರು ಮನುಷ್ಯರು, ಅರ್ಥ ಮಾಡಿಕೊಳ್ಳುತ್ತಿದ್ದರು. ಡಿಜಿಲಾಕರ್, ವಿದ್ಯಾರ್ಥಿಗಳ ಕ್ರೆಡಿಟ್ ಲೆಕ್ಕ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂದ ಮೇಲೆ ಹೆಸರನ್ನು ಆಧಾರ್ ಜೊತೆ ಯಂತ್ರ ತಾಳೆ ನೋಡುತ್ತದೆ. ನಮ್ಮ ಕಡೆ ಇನಿಷಿಯಲ್ ಒಬ್ಬರದು ಮುಂದೆ, ಒಬ್ಬರದು ಹಿಂದೆ. ಊರಿನ ಹೆಸರು, ಅಪ್ಪನ ಹೆಸರು, ಕೆಲವರದ್ದು ಮನೆತನದ ಹೆಸರು. ಗೀತ, ಗೀತಾ ಎರಡೂ ಒಂದೇ ಮನೆಯಲ್ಲಿ ನಡೆಯುತ್ತದೆ. ಯಂತ್ರಕ್ಕೆ ಅದು ಗೊತ್ತಿಲ್ಲ.

ತರಬೇತಿಯ ವಿಷಯವನ್ನೂ ಹೇಳಬೇಕು. ಅಧ್ಯಾಪಕರಿಗಾಗಿ ಯುಜಿಸಿ 1987ರಷ್ಟು ಹಿಂದೆಯೇ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ಶುರುಮಾಡಿತು. ಅವೇ ಈಗ ಮಾಳವೀಯ ಮಿಷನ್ ಶಿಕ್ಷಕರ ತರಬೇತಿ ಕೇಂದ್ರಗಳು. ಓರಿಯೆಂಟೇಶನ್, ರಿಫ್ರೆಶರ್ ಮುಗಿಸುವುದು ಅಧ್ಯಾಪಕರ ಬಡ್ತಿಗೂ ಬೇಕು. ನಮ್ಮ ಗುಮಾಸ್ತರಿಗೆ ಅಂಥ ಗಟ್ಟಿ ವ್ಯವಸ್ಥೆ ಇರಲಿಲ್ಲ. ಕೆಲಸಕ್ಕೆ ಸೇರಿದ ದಿನ ಪಕ್ಕದ ಮೇಜಿನವರು ಏನು ಹೇಳಿಕೊಟ್ಟರೋ ಅದೇ ತರಬೇತಿ. ಆ ಪಕ್ಕದ ಮೇಜಿನವರು ನಿವೃತ್ತರಾದ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತಿದ್ದೆವು. ಮೂವತ್ತು ವರ್ಷದ ತಿಳಿವಳಿಕೆಯೂ ಅವರ ಜೊತೆ ಅದೇ ಆಟೋದಲ್ಲಿ ಹೋಗಿಬಿಡುತ್ತಿತ್ತು.

ಮೊದಲು ಮಾಡಿದ್ದು

ಮೂರು ಪ್ರಯತ್ನ ಮಾಡಿದೆವು. ಮೂರೂ ಕೈಗೂಡಲಿಲ್ಲ.

ಮೊದಲನೆಯದು ಮೂರು ದಿನದ ಕಾರ್ಯಾಗಾರ. ಒತ್ತಡ ನಿರ್ವಹಣೆ, ಸಂವಹನ ಕೌಶಲ, ಕಚೇರಿ ಪದ್ಧತಿ. ಬಂದ ಸಂಪನ್ಮೂಲ ವ್ಯಕ್ತಿಗಳು ಶ್ರದ್ಧೆಯಿಂದ ಮಾತಾಡಿದರು. ಆದರೆ ಕೌಂಟರ್ ಮುಚ್ಚುವಂತಿಲ್ಲ. ಹಾಗಾಗಿ ಕೌಂಟರಿನವರು ಬರಲಿಲ್ಲ, ಬಿಡುವಿದ್ದವರು ಬಂದರು. ಹೊರಗುತ್ತಿಗೆ ಆಪರೇಟರ್‌ಗಳನ್ನು ಸೇರಿಸಲಿಲ್ಲ. "ಅವರು ನಮ್ಮ ನೌಕರರಲ್ಲ" ಎಂದು ಕಡತದಲ್ಲೇ ಬರೆದಾಗಿತ್ತು. ಹೆಸರನ್ನು ಟೈಪ್ ಮಾಡುವ ಬೆರಳುಗಳು ಅವರವು. ತರಬೇತಿಯಲ್ಲಿ ಅವರೇ ಇಲ್ಲ.

ಎರಡನೆಯದು ಸುತ್ತೋಲೆ. ಯಾವ ಅರ್ಜಿಗೆ ಯಾವ ದಾಖಲೆ ಬೇಕು ಎಂದು ಪಟ್ಟಿ ಮಾಡಿ ಎಲ್ಲರ ಮೇಜಿಗೂ ಕೊಟ್ಟೆವು. ಅದು ಗಾಜಿನ ಕೆಳಗೆ ಸೇರಿತು. ಪಟ್ಟಿಯಲ್ಲಿದ್ದ ಎಲ್ಲ ದಾಖಲೆಯನ್ನೂ ಎಲ್ಲರಿಂದಲೂ ಕೇಳುವುದು ಶುರುವಾಯಿತು. ಅರ್ಜಿದಾರರ ಅಲೆದಾಟ ಇನ್ನೂ ಜಾಸ್ತಿಯಾಯಿತು.

ಮೂರನೆಯದು ಕಾರಣ ಕೇಳಿ ನೋಟಿಸ್. ಈ ನಿರ್ಧಾರದಲ್ಲಿ ನನ್ನ ಸಹಿಯೂ ಇತ್ತು. ತುಂಬಾ ತಡವಾದ ಆರು ಕಡತಗಳನ್ನು ಹೆಕ್ಕಿ, ಅವುಗಳನ್ನು ನೋಡಿಕೊಳ್ಳುತ್ತಿದ್ದ ವಿಷಯ ನಿರ್ವಾಹಕರಿಗೆ ನೋಟಿಸ್ ಕೊಟ್ಟೆವು. ಆಮೇಲೆ ಆದದ್ದನ್ನು ನಾನು ಊಹಿಸಿರಲಿಲ್ಲ. ಮೊದಲು ಕೆಳಗೇ ಮುಗಿಯುತ್ತಿದ್ದ ಸಣ್ಣಪುಟ್ಟ ಕಡತಗಳೂ ಮೇಲೆ ಬರತೊಡಗಿದವು. ಕಡತ ಮೇಲೆ ಕಳಿಸಿದರೆ ತಡ ತನ್ನದಲ್ಲ, ತಪ್ಪೂ ತನ್ನದಲ್ಲ. ನಾವು ನೋಟಿಸ್ ಕೊಟ್ಟು ಕಲಿಸಿದ್ದು ಅದನ್ನೇ.

ಶನಿವಾರದ ಮೇಜು

ಸವಿತಾಳ ಅಪ್ಪ ಬಂದು ಹೋದ ವಾರವೇ, ಒಂದು ಕೆಲಸದ ಶನಿವಾರ ಮಧ್ಯಾಹ್ನ, ಶಾಖೆಯ ಹಿರಿಯ ಎಫ್‌ಡಿಎ ಮೇಡಂ ಅವರನ್ನು ಕರೆದು ಒಂದು ಸಹಾಯ ಕೇಳಿದೆ. ಮೇಲಿನಿಂದ ಒಮ್ಮೆಯಾದರೂ ವಾಪಸ್ ಬಂದ ಹೆಸರಿನ ಕಡತಗಳನ್ನೆಲ್ಲ ಸಭೆಯ ಮೇಜಿನ ಮೇಲೆ ಹರಡಿದೆವು. ನಲವತ್ತಮೂರು ಇದ್ದವು. ಒಂದೊಂದೇ ತೆಗೆದು, ಯಾಕೆ ವಾಪಸ್ ಬಂತು ಎಂದು ಓದಿ ಗುಂಪು ಮಾಡಿದೆವು.

ಮೇಜಿನ ಮೇಲೆ ಮೂರೇ ಗುಂಪಾದವು. ಎಸ್‌ಎಸ್‌ಎಲ್‌ಸಿ ಪ್ರತಿ ಇಲ್ಲದವು ಒಂದು. ತಪ್ಪು ಎಲ್ಲಿ ಆಯಿತು ಎಂದು ಹೇಳದವು ಇನ್ನೊಂದು. ಅರ್ಧಕ್ಕಿಂತ ಜಾಸ್ತಿ ಕಡತಗಳು ಮೂರನೇ ಗುಂಪಿನಲ್ಲಿದ್ದವು. ಅವುಗಳಲ್ಲಿ ಎಲ್ಲ ದಾಖಲೆಯೂ ಇತ್ತು. ತೀರ್ಮಾನ ಮಾತ್ರ ಇರಲಿಲ್ಲ.

"ಮೇಡಂ, ಇದರಲ್ಲಿ ಎಲ್ಲ ಸರಿ ಇದೆಯಲ್ಲ. ತಿದ್ದಬಹುದು ಅಂತ ನೀವೇ ಯಾಕೆ ಬರೆಯಲಿಲ್ಲ?" ಎಂದು ಕೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬರೆಯೋಕೆ ಬರುತ್ತೆ ಸಾರ್. ಬರೆದ ಮೇಲೆ ಬೈಸಿಕೊಳ್ಳೋರು ಯಾರು?" ಅಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು. "ಟಿಪ್ಪಣಿ ಬರೆಯೋದನ್ನ ನನಗೆ ಯಾರೂ ಹೇಳಿಕೊಡಲಿಲ್ಲ. ಹಿಂದಿನ ಕಡತ ನೋಡಿ ಬರೆದೆ. ಹಿಂದಿನವರೂ ಹಾಗೇ ಬರೆದಿದ್ದರು ಅನ್ಸುತ್ತೆ."

ಅದೇ ಮಧ್ಯಾಹ್ನ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಹೆಸರು ತಿದ್ದುಪಡಿ ಬೇರೆ, ಹೆಸರು ಬದಲಾವಣೆ ಬೇರೆ. ನಾವು ತಪ್ಪಾಗಿ ಟೈಪ್ ಮಾಡಿದ್ದನ್ನು ಸರಿಮಾಡುವುದು ತಿದ್ದುಪಡಿ. ಅರ್ಜಿದಾರರೇ ಹೊಸ ಹೆಸರು ಇಟ್ಟುಕೊಂಡರೆ ಅದು ಬದಲಾವಣೆ. ಅದಕ್ಕೆ ಅಫಿಡವಿಟ್, ಪತ್ರಿಕಾ ಪ್ರಕಟಣೆ ಎಲ್ಲ ಬೇಕು. ನಮ್ಮ ಶಾಖೆ ಎರಡಕ್ಕೂ ಒಂದೇ ಪಟ್ಟಿ ಹಿಡಿದು ಕೂತಿತ್ತು. ಸವಿತಾಳ ಕಡತ ತೆಗೆದು ನೋಡಿದೆ. ಪ್ರವೇಶ ಅರ್ಜಿಯಲ್ಲಿ ಅವಳೇ ಕೈಯಾರೆ ಬರೆದ ಹೆಸರಿನಲ್ಲಿ 'ಹೆಚ್' ಇತ್ತು. ತಪ್ಪು ನಮ್ಮದು. ಆ ತಪ್ಪಿಗೆ ಅವಳಿಂದ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿಸಿದ್ದೆವು. ಅವಳ ಅಪ್ಪನ ದಿನಗೂಲಿಯ ದುಡ್ಡು ಅದಕ್ಕೆ ಹೋಗಿತ್ತು. ಇದನ್ನು ನೋಡಿದ ಮೇಲೆ ಇನ್ನೊಂದು ಕಾರ್ಯಾಗಾರದ ಮಾತು ಆಡುವ ಮನಸ್ಸು ನನಗೆ ಬರಲಿಲ್ಲ.

ಗುರುವಾರದ ಒಂದು ಗಂಟೆ

ಕುಲಸಚಿವರ (ಮೌಲ್ಯಮಾಪನ) ಮುಂದೆ ಎರಡು ವಿಷಯ ಇಟ್ಟೆ. ವಾರಕ್ಕೆ ಒಂದು ಗಂಟೆ ಇಡೀ ಶಾಖೆ ಒಟ್ಟಿಗೆ ಕೂತು, ಆ ವಾರ ವಾಪಸ್ ಬಂದ ಕಡತಗಳನ್ನೇ ಓದಿ ಕಲಿಯಬೇಕು. ಎರಡನೆಯದು, ತಪ್ಪು ನಮ್ಮ ನಮೂದಿನದು ಎಂದು ದಾಖಲೆಯಿಂದ ಗೊತ್ತಾದರೆ ತಿದ್ದುಪಡಿಗೆ ಒಪ್ಪಿಗೆ ಕೊಡುವ ಅಧಿಕಾರ ಅಧೀಕ್ಷಕರಿಗೇ ಇರಬೇಕು.

ಮೊದಲನೆಯದಕ್ಕೆ ಬೇಗ ಒಪ್ಪಿದರು. ಕೌಂಟರ್ ಅರ್ಜಿ ತೆಗೆದುಕೊಳ್ಳುವುದು ನಾಲ್ಕಕ್ಕೆ ಮುಗಿಯುತ್ತದೆ. ನಾಲ್ಕೂವರೆಯಿಂದ ಐದೂವರೆ ಎಂದು ಇಟ್ಟೆವು. ಬಂದ ವಿದ್ಯಾರ್ಥಿ ಯಾರೂ ವಾಪಸ್ ಹೋಗಬೇಕಾಗಿಲ್ಲ. ಎರಡನೆಯದಕ್ಕೆ ಮೂರು ವಾರ ಹಿಡಿಯಿತು. ದುರುಪಯೋಗ ಆದರೆ ಯಾರು ಹೊಣೆ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಅಂಕಪಟ್ಟಿಯ ಹೆಸರು ತಿದ್ದುವುದು ಹುಡುಗಾಟವಲ್ಲ. ಕೊನೆಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪ್ರವೇಶ ಅರ್ಜಿ ಎರಡರಲ್ಲೂ ಹೆಸರು ಒಂದೇ ಇದ್ದರೆ ಮಾತ್ರ ಎಂಬ ಷರತ್ತಿನ ಮೇಲೆ ಕಚೇರಿ ಆದೇಶ ಹೊರಟಿತು.

ಎರಡನ್ನೂ ಒಟ್ಟಿಗೆ ಕೇಳಿದ್ದು ಈ ಪ್ರಕರಣದ ಮುಖ್ಯ ನಿರ್ಧಾರ ಎಂದು ನನಗೆ ಅನಿಸುತ್ತದೆ. ಅಧಿಕಾರ ಕೊಡದೆ ಬರೀ ಕಲಿಸಿದ್ದರೆ, ಮತ್ತೆ ಅದೇ "ಆದೇಶಕ್ಕಾಗಿ ಮಂಡಿಸಿದೆ". ಕಲಿಸದೆ ಬರೀ ಅಧಿಕಾರ ಕೊಟ್ಟಿದ್ದರೆ ಅಧೀಕ್ಷಕರು ಹೆದರಿ ಅದನ್ನು ಬಳಸುತ್ತಲೇ ಇರಲಿಲ್ಲ.

ಮೊದಲ ಗುರುವಾರ ಯಾರೂ ಬಾಯಿ ಬಿಡಲಿಲ್ಲ. ಎರಡನೇ ವಾರ ಅಧೀಕ್ಷಕರು ನನ್ನ ಕೋಣೆಗೆ ಬಂದು, "ಹೊರಗುತ್ತಿಗೆ ಹುಡುಗರ ಮುಂದೆ ನಮ್ಮ ತಪ್ಪು ಓದೋದು ಸರಿಯಲ್ಲ ಸಾರ್" ಅಂದರು. ಬೇಸರದಲ್ಲಿದ್ದರು. ಅವರ ಮಾತಿನಲ್ಲಿ ಹುರುಳಿತ್ತು. ಮೂವತ್ತು ವರ್ಷ ದುಡಿದವರ ಮರ್ಯಾದೆಯ ಪ್ರಶ್ನೆ ಅದು. ಆಪರೇಟರ್‌ಗಳನ್ನು ಬಿಟ್ಟು ಕೂರೋಣ ಎನ್ನುವುದು ಸುಲಭದ ದಾರಿ. ಆದರೆ ಕಾರ್ಯಾಗಾರದಲ್ಲಿ ಎಡವಿದ್ದೂ ಅಲ್ಲೇ ಅಲ್ವಾ?

ಮೂರನೇ ವಾರ ನಾನು ನನ್ನದೇ ಕಡತ ತಂದೆ. ಕುಲಪತಿಗಳ ಕಚೇರಿಯಿಂದ "ಪ್ರಸ್ತಾವನೆ ಸ್ಪಷ್ಟವಿಲ್ಲ" ಎಂದು ವಾಪಸ್ ಬಂದಿತ್ತು. ನನ್ನ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿ, ಇದರಲ್ಲಿ ಏನು ಕಮ್ಮಿ ಇದೆ ಎಂದು ಕೇಳಿದೆ. ಕೋಣೆ ನಿಶ್ಶಬ್ದ. ಆಮೇಲೆ ಅತ್ಯಂತ ಕಿರಿಯ ಆಪರೇಟರ್ ಹುಡುಗ, "ಸಾರ್, ನೀವು ಏನು ಕೇಳ್ತಿದ್ದೀರಿ ಅಂತಾನೇ ಬರೆದಿಲ್ಲ" ಅಂದ. ನಿಜ, ಬರೆದಿರಲಿಲ್ಲ. ಅಧೀಕ್ಷಕರು ನನ್ನ ಮುಖ ನೋಡಿದರು. ನಾನು ಅಲ್ಲೇ ಕೂತು ಆ ಟಿಪ್ಪಣಿಯನ್ನು ಮತ್ತೆ ಬರೆದೆ. ಮುಂದಿನ ವಾರ ಅಧೀಕ್ಷಕರೇ ಒಂದು ಕಡತ ತಂದರು.

ಆ ಗುರುವಾರಗಳಲ್ಲಿ ಬದಲಾದದ್ದನ್ನು ಹತ್ತಿರದಿಂದ ತೋರಿಸುತ್ತೇನೆ. ಸವಿತಾಳ ಕಡತದ ಹಳೇ ಟಿಪ್ಪಣಿ ಹೀಗಿತ್ತು: "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಉಲ್ಲೇಖಿತ ಮನವಿಯನ್ನು ತಮ್ಮ ಅವಗಾಹನೆಗಾಗಿ ಹಾಗೂ ಮುಂದಿನ ಸೂಕ್ತ ಆದೇಶಕ್ಕಾಗಿ ಮಂಡಿಸಿದೆ."

ಹಿರಿಯ ಮೇಡಂ ಬರೆದ ಹತ್ತನೇ ಟಿಪ್ಪಣಿ ಹೀಗಿತ್ತು: "ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ (ಪುಟ 5) ಮತ್ತು ಪ್ರವೇಶ ಅರ್ಜಿಯಲ್ಲಿ (ಪುಟ 7) ಹೆಸರು ಒಂದೇ ಇದೆ. ನಮ್ಮ ನಮೂದಿನಲ್ಲಿ 'ಹೆಚ್' ಬಿಟ್ಟುಹೋಗಿದೆ. ಇದು ಹೆಸರು ಬದಲಾವಣೆ ಅಲ್ಲ, ಕಚೇರಿಯ ತಪ್ಪಿನ ತಿದ್ದುಪಡಿ. ಶುಲ್ಕ ಪಡೆಯದೆ ಆರೂ ಅಂಕಪಟ್ಟಿ ಹೊಸದಾಗಿ ಕೊಡಬಹುದು. ಒಪ್ಪಿದರೆ ಕರಡು ಪುಟ 12ರಲ್ಲಿದೆ."

ಆರನೇ ಸಲ ಅವಳು ಬರಬೇಕಾಗಲಿಲ್ಲ. ಅಂಕಪಟ್ಟಿಗಳನ್ನು ಅಂಚೆಯಲ್ಲೇ ಕಳಿಸಿದೆವು. ದಾಖಲೆ ಪರಿಶೀಲನೆಗೆ ಅವು ಸಮಯಕ್ಕೆ ತಲುಪಿದವು.

ಯಾರು ಯಾರಿಗೆ ಕಲಿಸಿದರು

ಶುರುವಿನಲ್ಲಿ ನಾನೇ ಕಲಿಸಬೇಕು ಅಂದುಕೊಂಡಿದ್ದೆ. ಒಂದು ತಿಂಗಳಲ್ಲಿ ಆ ಯೋಚನೆ ಬಿಟ್ಟೆ. ನನಗಿಂತ ಚೆನ್ನಾಗಿ ಗೊತ್ತಿದ್ದವರು ಆ ಕೋಣೆಯಲ್ಲೇ ಇದ್ದರು. ಅವರನ್ನು ಯಾರೂ ಕೇಳಿರಲಿಲ್ಲ ಅಷ್ಟೇ.

ಅಟೆಂಡರ್‌ಗೆ ದಾಖಲೆ ಕೊಠಡಿಯ ಪ್ರತಿ ಕಬ್ಬಿಣದ ಬೀರು ಗೊತ್ತಿತ್ತು. ಯಾವ ವರ್ಷದ ಲೆಡ್ಜರ್ ಯಾವ ಗಂಟಿನಲ್ಲಿದೆ, ಮಳೆಗೆ ನೆನೆದ ಗಂಟು ಯಾವುದು, ಎರಡು ಕಾಲೇಜಿನ ಹಾಳೆ ಅದಲುಬದಲಾಗಿ ಹೊಲಿದದ್ದು ಎಲ್ಲಿ, ಎಲ್ಲ ಬಾಯಲ್ಲಿತ್ತು. ಒಂದು ಗುರುವಾರ ಎಲ್ಲರನ್ನೂ ದಾಖಲೆ ಕೊಠಡಿಗೆ ಕರೆದುಕೊಂಡು ಹೋಗಿ ತೋರಿಸಿದರು. ಅದಾದ ಮೇಲೆ ಕಡತಗಳಲ್ಲಿ "ಲೆಡ್ಜರ್ ಲಭ್ಯವಿಲ್ಲ" ಎನ್ನುವ ಮಾತು ಅಪರೂಪವಾಯಿತು.

ಹಿರಿಯ ಮೇಡಂಗೆ ಲೆಡ್ಜರ್ ಓದುವುದು ನೀರು ಕುಡಿದಷ್ಟು ಸುಲಭ. ಕಂಪ್ಯೂಟರ್ ಎಂದರೆ ಭಯ. ಆ ಕಿರಿಯ ಆಪರೇಟರ್‌ಗೆ ಸರಿಯಾಗಿ ಇದರ ತಿರುಗುಮುರುಗು. ಇಬ್ಬರನ್ನೂ ಒಂದೇ ಮೇಜಿಗೆ ಹಾಕಿದೆವು. ಹಳೇ ಪ್ರಮಾಣಪತ್ರಗಳ ಹೆಸರುಗಳು 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪಾಗಿದ್ದವು. ಯೂನಿಕೋಡ್‌ಗೆ ಬದಲಿಸಿದಾಗ ಕೆಲವು ಹೆಸರುಗಳಲ್ಲಿ ಅರ್ಕಾವತ್ತು ಜಾಗ ತಪ್ಪುತ್ತಿತ್ತು. ಮೂರ್ತಿ, ಕೀರ್ತಿ, ಪಾರ್ವತಿ ಎಲ್ಲ ಕೆಟ್ಟುಹೋಗುತ್ತಿದ್ದವು. ಹುಡುಗನಿಗೆ ಅದನ್ನು ಸರಿಮಾಡುವುದು ಗೊತ್ತು, ಸರಿಯಾದ ಹೆಸರು ಯಾವುದು ಎಂದು ಲೆಡ್ಜರಿನಲ್ಲಿ ಹುಡುಕುವುದು ಗೊತ್ತಿಲ್ಲ. ಮೇಡಂ ಬೆರಳಿಟ್ಟು ತೋರಿಸುತ್ತಿದ್ದರು, ಅವನು ತಿದ್ದುತ್ತಿದ್ದ. "ಅವನು ನನ್ನ ಮಗನಿಗಿಂತ ತಾಳ್ಮೆಯಿಂದ ಹೇಳಿಕೊಡ್ತಾನೆ ಸಾರ್" ಎಂದು ಒಮ್ಮೆ ಹೇಳಿದರು.

ಎಡವಿದ್ದು

ಎಲ್ಲ ಸಲೀಸಾಗಿ ನಡೆಯಲಿಲ್ಲ. ಸೆಮಿಸ್ಟರ್ ಪರೀಕ್ಷೆ ಬಂತು, ಮೌಲ್ಯಮಾಪನ ಶುರುವಾಯಿತು. ಏಳು ವಾರ ಗುರುವಾರ ನಿಂತುಹೋಯಿತು. ಅದೇ ಹೊತ್ತಿಗೆ ಹೊರಗುತ್ತಿಗೆ ಟೆಂಡರ್ ಬದಲಾಗಿ ಇಬ್ಬರು ಆಪರೇಟರ್‌ಗಳು ಹೋದರು. ಕಲಿತದ್ದು ಮತ್ತೆ ಆಟೋ ಹತ್ತಿ ಹೋಯಿತು. ಆಗಲೇ ಒಂದು ದಪ್ಪ ನೋಟ್‌ಬುಕ್ ತಂದು ಇಟ್ಟೆವು. ಒಂದು ಪುಟಕ್ಕೆ ಒಂದು ಪ್ರಕರಣ. ಏನು ಕೇಳಿದ್ದರು, ಏನು ಸಿಕ್ಕಿತು, ಏನು ತೀರ್ಮಾನ ಮಾಡಿದೆವು, ಯಾಕೆ. ಮಾತಾಡುವ ಕನ್ನಡದಲ್ಲೇ ಬರೆಯಬೇಕು ಎಂದು ಮೇಡಂ ಹಟ ಹಿಡಿದರು. ಈ ಕೆಲಸ ಮೊದಲ ವಾರವೇ ಮಾಡಬೇಕಿತ್ತು.

ಇದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಒಂದೇ ಕಾಲೇಜು, ಒಂದೇ ಬ್ಯಾಚು, ಒಂದೇ ಹೆಸರಿನ ಇಬ್ಬರು ಹುಡುಗಿಯರು. ಅಧೀಕ್ಷಕರು ಒಪ್ಪಿದ ತಿದ್ದುಪಡಿ ಇನ್ನೊಬ್ಬಳ ಅಂಕಪಟ್ಟಿಗೆ ಹೋಯಿತು. ರವಾನೆಗೆ ಮೊದಲು ಸಿಕ್ಕಿತು, ಪುಣ್ಯ. ಆದರೂ ಸುದ್ದಿ ಮೇಲೆ ಹೋಯಿತು. ಅಧಿಕಾರ ವಾಪಸ್ ತೆಗೆದುಕೊಳ್ಳಿ ಎಂದು ಕೆಲವರು ಕುಲಸಚಿವರಿಗೆ ಹೇಳಿದರು. ಅಧೀಕ್ಷಕರೂ ನನ್ನ ಹತ್ತಿರ ಬಂದು, "ಬೇಡ ಸಾರ್, ಹಳೇ ಪದ್ಧತಿಯೇ ಇರಲಿ" ಅಂದರು.

ಕುಲಸಚಿವರು ಅವತ್ತು ಗುರುವಾರದ ಸಭೆಗೆ ತಾವೇ ಬಂದರು. ಯಾರು ತಪ್ಪು ಮಾಡಿದ್ದು ಎಂದು ಕೇಳಲಿಲ್ಲ. ಯಾವ ಹಂತದಲ್ಲಿ ಇದು ಗೊತ್ತಾಗಬೇಕಿತ್ತು ಎಂದು ಕೇಳಿದರು. ನೋಂದಣಿ ಸಂಖ್ಯೆ, ತಾಯಿಯ ಹೆಸರು ಎರಡನ್ನೂ ತಾಳೆ ನೋಡಬೇಕು ಎಂದು ಆಪರೇಟರ್ ಒಬ್ಬರು ಹೇಳಿದರು. ಅದು ನೋಟ್‌ಬುಕ್ಕಿಗೆ ಸೇರಿತು. ಆದೇಶ ಹಾಗೇ ಉಳಿಯಿತು. ಅವತ್ತು ನೋಟಿಸ್ ಹೊರಟಿದ್ದರೆ ಎಲ್ಲರೂ ಮತ್ತೆ ಮಂಡಿಸುವುದಕ್ಕೇ ಹಿಂತಿರುಗುತ್ತಿದ್ದರು. ಆರು ತಿಂಗಳ ಗುರುವಾರಗಳಿಗಿಂತ ಆ ಒಂದು ಪ್ರಶ್ನೆ ಜಾಸ್ತಿ ಕೆಲಸ ಮಾಡಿತು.

ಏನು ಉಳಿಯಿತು

ವರ್ಷ ತುಂಬುವ ಹೊತ್ತಿಗೆ ವಾಪಸ್ ಬರುವ ಹೆಸರಿನ ಕಡತ ವಾರಕ್ಕೆ ಒಂದೋ ಎರಡೋ. ಕೌಂಟರಿನಲ್ಲಿ ಮೊದಲ ದಿನವೇ "ಇದು ತಿದ್ದುಪಡಿ, ನಿಮ್ಮಿಂದ ಇನ್ನೇನೂ ಬೇಡ" ಎಂದು ಹೇಳುವಂತಾಯಿತು. ಒಬ್ಬರು ಎಫ್‌ಡಿಎ ಕೊನೆಯವರೆಗೂ ಗುರುವಾರಕ್ಕೆ ಮನಸ್ಸು ಕೊಡಲಿಲ್ಲ, ಬೇರೆ ಶಾಖೆಗೆ ಹೋದರು. ಮರುಮೌಲ್ಯಮಾಪನದ ಕಡತಗಳಿಗೂ ಇದನ್ನೇ ಮಾಡಲು ಹೋದೆವು, ಅಲ್ಲಿ ಹಿಡಿಯಲಿಲ್ಲ. ಅಲ್ಲಿನ ತಡಕ್ಕೆ ಕಾರಣ ಅಧ್ಯಾಪಕರು ಸಿಗದಿರುವುದು, ಗುಮಾಸ್ತರ ಕಲಿಕೆಯಲ್ಲ. ಯಾವ ತೊಂದರೆಗೆ ತರಬೇತಿ ಮದ್ದು, ಯಾವುದಕ್ಕೆ ಅಲ್ಲ ಎಂದು ಮೊದಲೇ ನೋಡಿಕೊಳ್ಳಬೇಕು.

ಒಂದು ವಿಷಯ ಬರೆಯದೆ ಬಿಟ್ಟರೆ ಈ ಪ್ರಕರಣ ಅರ್ಧವಾಗುತ್ತದೆ. ಆ ಕಿರಿಯ ಆಪರೇಟರ್ ಇಷ್ಟೆಲ್ಲ ಕಲಿತ, ಕಲಿಸಿದ. ಅವನ ಸಂಬಳ ಒಂದು ರೂಪಾಯಿಯೂ ಜಾಸ್ತಿಯಾಗಲಿಲ್ಲ. ಬಡ್ತಿ ಇಲ್ಲ, ಕೆಲಸದ ಭದ್ರತೆ ಇಲ್ಲ. ಒಂದು ಅನುಭವ ಪತ್ರ ಬರೆದುಕೊಟ್ಟೆವು, ನಮ್ಮ ಕೈಲಾದದ್ದು ಅಷ್ಟೇ. ಕಲಿತವರಿಗೆ ಏನು ಕೊಡುತ್ತೇವೆ ಎಂಬ ಪ್ರಶ್ನೆಗೆ ನಮ್ಮ ವಿಶ್ವವಿದ್ಯಾಲಯಗಳು ಉತ್ತರ ಹುಡುಕಲೇಬೇಕು.

ನಾನು ಬೇರೆ ವಿಭಾಗಕ್ಕೆ ವರ್ಗವಾಗುವ ತಿಂಗಳು ಅನುಕಂಪದ ಆಧಾರದ ಮೇಲೆ ಒಬ್ಬ ಹುಡುಗ ಎಸ್‌ಡಿಎ ಆಗಿ ಶಾಖೆಗೆ ಬಂದ. ಅಪ್ಪ ಅದೇ ಕಟ್ಟಡದಲ್ಲಿ ಕೆಲಸ ಮಾಡುತ್ತಾ ತೀರಿಕೊಂಡವರು. ಮೊದಲ ದಿನ ಮೇಡಂ ಅವನ ಮೇಜಿನ ಮೇಲೆ ನೋಟ್‌ಬುಕ್ ಇಟ್ಟು, ಜೊತೆಗೆ ವಾಪಸ್ ಬಂದ ಐದು ಹಳೇ ಕಡತ ಇಟ್ಟರು. "ಓದಪ್ಪ, ಯಾಕೆ ವಾಪಸ್ ಬಂತು ಅಂತ ಗುರುವಾರ ಹೇಳು" ಅಂದರು. ಎರಡನೇ ಗುರುವಾರ ಅವನು ಒಂದು ಹೊಸ ಅರ್ಜಿ ಹಿಡಿದು ನಿಂತ. ಮದುವೆಯಾದ ಮೇಲೆ ಗಂಡನ ಮನೆತನದ ಹೆಸರು ಸೇರಿಸಿಕೊಂಡ ಹೆಣ್ಣುಮಗಳದು. ಅವಳ ಮೂಲ ಹೆಸರನ್ನೂ ನಾವು ತಪ್ಪಾಗಿ ಟೈಪ್ ಮಾಡಿದ್ದೆವು.

"ಮೇಡಂ, ಇದು ತಿದ್ದುಪಡಿಯಾ, ಬದಲಾವಣೆಯಾ?" ಎಂದು ಕೇಳಿದ.

ಮೇಡಂ ನೋಟ್‌ಬುಕ್ ತೆಗೆದರು. ಅದರಲ್ಲಿ ಇಂಥ ಪ್ರಕರಣ ಇರಲಿಲ್ಲ. ಕುರ್ಚಿ ಎಳೆದುಕೊಂಡು ಎಲ್ಲರೂ ಹತ್ತಿರ ಕೂತರು.